ದಿಲ್ಲಿಗೆ ಮೂವರು, ನನ್ನದೊಂದು ವೋಟು

ದಿಲ್ಲಿಯ ಕೌನ್ಸಿಲ್ಲಿಗೆ ಮೂರು ಮಂದಿ ನಿಂತಿದ್ದಾರೆ, ಅವರಲ್ಲಿ ಒಬ್ಬರನ್ನು ಆರಿಸುವ ಹಕ್ಕು ಇಡೀ ಓಣಿಯಲ್ಲಿ ನನಗೊಬ್ಬಳಿಗೇ ಇದೆ ಎಂಬುದು ನನಗೆ ಗೊತ್ತಾಗುವ ಮೊದಲೇ ಇಳಕಲ್ಲಿನ ಅರ್ಧ ಊರಿಗೆ ಗೊತ್ತಾಗಿತ್ತು. ಅಂದು ನಾನು ಹಿತ್ತಿಲಲ್ಲಿ ಶೇಂಗಾ ಒಣಹಾಕುತ್ತಿದ್ದೆ. ಊರಿನ ಕಂದಾಯದ ಲೆಕ್ಕ ಬರೆಯುವ ಕುಲಕರ್ಣಿಯವರು ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು. ಬಂದದ್ದು ನನ್ನ ಕೆಲಸಕ್ಕೆ. ಕರೆಸಿದ್ದು ಮಾತ್ರ ಪಕ್ಕದ ಮನೆಯ ನನ್ನ ಮೈದುನನನ್ನು. ಆಗಿನ ರೀತಿಯೇ ಹಾಗೆ. ನನ್ನ ಹೊಲದ ಕಾಗದವಿದ್ದರೂ, ನನ್ನ ಎತ್ತಿಗೆ ಜಡ್ಡಾದರೂ ಜನ ಹೇಳುತ್ತಿದ್ದುದು ಅವನಿಗೇ.

"ಸರಕಾರದ್ದು ಒಂದು ಹೊಸಾ ಹುಕುಂ ಬಂದೈತಿ," ಎಂದು ಕುಲಕರ್ಣಿಯವರು ಕಾಗದ ಬಿಡಿಸಿದರು. "ಈ ಓಣ್ಯಾಗ ವೋಟು ಇರೂದು ನಿಮ್ಮ ವೈನಿಯವ್ರಿಗೆ ಒಬ್ಬರಿಗೇ."

"ಮತ್ತ ನನಗ?" ಎಂದ ಮೈದುನ.

"ನಿಮ್ಮ ಹೆಸರಿಗೆ ಹೊಲ ಇಲ್ಲಲ್ರಿ."

"ಹಂಗಾದ್ರ ಆಕಿ ಬದಲಿ ನಾ ಹಾಕ್ತೇನಿ."

"ಅದು ನಡಿಯೂದಿಲ್ಲಂತ. ಅವರ ಬರಬೇಕು."

ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ. ಮೈದುನನ ಮುಖ ನೋಡಬೇಕಿತ್ತು. ಪುಣೆಯಿಂದ ಬರುವ ಪತ್ರಿಕೆಯನ್ನು ಅಂಗಡಿಯಲ್ಲಿ ಕುಳಿತು ಗಟ್ಟಿಯಾಗಿ ಓದಿ, ಲಾಟ್‌ಸಾಹೇಬರು ಎಲ್ಲಿ ತಪ್ಪಿದರು, ಗಾಂಧಿಯವರು ಎಲ್ಲಿ ತಪ್ಪಿದರು ಎಂದು ಹತ್ತು ಜನರಿಗೆ ತಿಳಿಸಿ ಹೇಳುವ ಮನುಷ್ಯ ಅವನು. ಅಣ್ಣತಮ್ಮಂದಿರು ಪಾಲಾದಾಗ, ಎರೆಭೂಮಿ ಯಾರಿಗೆ ಬೇಕು, ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದು ಅವನೇ ಅಂಗಡಿಯನ್ನೂ ಮಗ್ಗಗಳನ್ನೂ ಆರಿಸಿಕೊಂಡಿದ್ದ. ಹೊಲ ನನ್ನ ಗಂಡನ ಪಾಲಿಗೆ ಬಂತು. ಊರಿಗೆ ಊರೇ ಮಲಗಿದ ಆ ದೊಡ್ಡ ಜ್ವರದ ವರ್ಷ ಅವರು ತೀರಿಕೊಂಡರು. ಮಕ್ಕಳಿರಲಿಲ್ಲ. ಹೊಲ ನನ್ನ ಹೆಸರಿಗೆ ಬಂತು. ಅದರ ಬೆನ್ನಿಗೆ, ಯಾರೂ ನಿರೀಕ್ಷಿಸದಿದ್ದ ಈ ವೋಟು ಬಂತು.

ಪಟ್ಟಿಯಲ್ಲಿ ನನ್ನ ಹೆಸರೇನೆಂದು ಬರೆದಿದೆ ಎಂದು ನಾನು ಒಳಗಿನಿಂದಲೇ ಕೇಳಿದೆ. ಕುಲಕರ್ಣಿಯವರು ಸ್ವಲ್ಪ ತಡವರಿಸಿ ಓದಿದರು. ಇಂಥವರ ವಿಧವೆ ಎಂದಿತ್ತು, ಅಷ್ಟೆ. ಅಪ್ಪ ಕಮತಗಿಯ ಕನ್ನಡ ಸಾಲೆಯ ಮಾಸ್ತರ. ತೊಟ್ಟಿಲಲ್ಲಿ ಇಟ್ಟ ಹೆಸರನ್ನು ಬರೆಯುವುದನ್ನೂ ಅವರೇ ಕಲಿಸಿದ್ದರು. ಅದು ಈ ಪಟ್ಟಿಗೆ ಬೇಕಾಗಿರಲಿಲ್ಲ.

ನನ್ನ ಹೊಲದ ಬದುವಿಗೆ ಹೊಂದಿಕೊಂಡು ಕುರುಬರ ಅಜ್ಜನ ಹೊಲ. ಎಪ್ಪತ್ತು ದಾಟಿದ ಮನುಷ್ಯ, ಬೀರಪ್ಪನ ಭಕ್ತ, ಹೆಗಲ ಮೇಲಿನ ಕಂಬಳಿ ಬೇಸಿಗೆಯಲ್ಲೂ ಇಳಿಯುತ್ತಿರಲಿಲ್ಲ. ಪಟ್ಟಿಯಲ್ಲಿ ಅವನೂ ಇದ್ದ. ಮರುದಿನ ಹೊಲದಲ್ಲಿ ಸಿಕ್ಕಾಗ ಗಾಬರಿಯಾಗಿದ್ದ.

"ಯವ್ವಾ, ವೋಟು ಅಂತ ಹೊಸಾ ಪಟ್ಟಿ ಬಂದೈತಂತಲ್ಲ, ಎಷ್ಟು ಕಟ್ಟಬೇಕಂತ?"

ಕಟ್ಟುವುದೇನೂ ಇಲ್ಲ ಅಜ್ಜ, ಕೊಡುವುದು ಅಂದೆ. ಕೊಡುವುದು ಎಂದ ಕೂಡಲೇ ಅವನಿಗೆ ಇನ್ನಷ್ಟು ಭಯವಾಯಿತು. ದಿಲ್ಲಿಯಲ್ಲಿ ಕುಳಿತು ನಮ್ಮ ಪರವಾಗಿ ಮಾತಾಡಲು ಒಬ್ಬನನ್ನು ಆರಿಸಿ ಕಳಿಸುವುದು ಎಂದು ಬಿಡಿಸಿ ಹೇಳಿದೆ. ಅಜ್ಜ ಬದುವಿನ ಮೇಲೆ ಕುಳಿತುಬಿಟ್ಟ.

"ಹಂಗಾದ್ರ ಚಲೋ ಆತು. ನನ್ನದೊಂದು ಮಾತೈತಿ. ಜಂಗಲ್ ಖಾತೆಯವ್ರು ಗುಡ್ಡದ ಹುಲ್ಲಿಗೆ ಬೇಲಿ ಹಾಕಿ ಕುರಿ ಬಿಡವಲ್ರು. ನಮ್ಮ ಮುತ್ಯಾ ಮೇಯಿಸಿದ ಗುಡ್ಡ ಅದು. ಅದನ್ನ ಹೇಳವ ಯಾವನೋ, ಅವ್ನಿಗೇ ನನ್ನ ವೋಟು."

ಚುನಾವಣೆಯ ಬಗ್ಗೆ ನಾನು ಆ ತಿಂಗಳಲ್ಲಿ ಕೇಳಿದ ಮಾತುಗಳಲ್ಲೆಲ್ಲ ಅರ್ಥವಿದ್ದ ಮಾತು ಇದೊಂದೇ.

ಮೊದಲು ಬಂದವರು ಬಾಗಲಕೋಟೆಯ ಅರಳೆ ಸಾವಕಾರರು. ಅರಳೆ ಹಿಂಜುವ ಗಿರಣಿಯ ಮಾಲೀಕರು. ಮೈದುನ ಅವರ ಕಡೆಯವನು. ಗೆದ್ದರೆ ಅವನ ಅಂಗಡಿಗೆ ಏನೋ ಒಳ್ಳೆಯದಾಗುವುದಿತ್ತು, ಏನೆಂದು ಅವನು ನಮಗೆ ಹೇಳಿರಲಿಲ್ಲ. ಸಾವಕಾರರು ಜೋಡೆತ್ತಿನ ಸವಾರಿ ಗಾಡಿಯಲ್ಲಿ ಬಂದು ನಮ್ಮ ಕಟ್ಟೆಯ ಮೇಲೆ ಗಾದಿ ಹಾಸಿಸಿಕೊಂಡು ಕುಳಿತರು. ಅವರ ತಕ್ಕಡಿಯ ವಿಚಾರ ನಮ್ಮ ಸೀಮೆಯ ಒಕ್ಕಲಿಗರಿಗೆಲ್ಲ ಗೊತ್ತು. ಅರಳೆ ತೂಗುವಾಗ ಅವರ ಹೆಬ್ಬೆರಳು ತಕ್ಕಡಿಯ ಹಗ್ಗದ ಹತ್ತಿರವೇ ಇರುತ್ತಿತ್ತು. ನನ್ನ ಗಂಡ ಆ ಹೆಬ್ಬೆರಳಿಗೆ ನಮಸ್ಕಾರ ಮಾಡಿಯೇ ಹಣ ತರುತ್ತಿದ್ದರು.

ಸಾವಕಾರರು ಮೈದುನನ ಕಡೆ ಮುಖ ಮಾಡಿ ನನ್ನೊಂದಿಗೆ ಮಾತಾಡಿದರು.

"ತಾಯ್ಯಾರಿಗೆ ಹೇಳ್ರಿ, ನಾ ಅವರ ಸೇವಕ. ಬಾಗಲಕೋಟಿ ಸ್ಟೇಷನ್ ಮುಂದ ಧರ್ಮಶಾಲೆ ಕಟ್ಟಿಸೇನಿ. ಬಾವಿ ತೋಡಿಸೇನಿ."

ಆ ಬಾವಿಯ ನೀರು ನಾನು ಕುಡಿದಿದ್ದೆ. ಉಪ್ಪು. ಬೇಳೆ ಬೇಯುವುದಿಲ್ಲ. ದನಗಳು ಮೂಸಿ ನೋಡಿ ತಲೆ ಎತ್ತಿ ಸಾವಕಾರರ ಹೆಸರು ಕೆತ್ತಿದ ಕಲ್ಲನ್ನು ನೋಡುತ್ತವೆ.

ಅಜ್ಜ ಅಲ್ಲಿಯೇ ಕಟ್ಟೆಯ ಕೆಳಗೆ ಕುಕ್ಕರುಗಾಲಲ್ಲಿ ಕುಳಿತಿದ್ದ. ತನ್ನ ಗುಡ್ಡದ ಮಾತು ಎತ್ತಿದ. ಸಾವಕಾರರು ನಕ್ಕು, "ಅಜ್ಜಾ, ಈಗೆಲ್ಲಾ ಅರಳೀ ಕಾಲ. ಕುರಿ ಮಾರಿಬಿಡು. ಇದ್ದ ಹೊಲಕ್ಕೆಲ್ಲಾ ಹತ್ತಿ ಹಾಕು," ಎಂದರು.

"ಹತ್ತಿ ತಿಂದು ಬದಕಲಿಕ್ಕೆ ಬರ್ತೈತೇನ್ರಿ?" ಎಂದ ಅಜ್ಜ. ಅವನು ಚೇಷ್ಟೆಗೆ ಕೇಳಲಿಲ್ಲ, ತಿಳಿದುಕೊಳ್ಳಲು ಕೇಳಿದ. ಮೈದುನ ಗಡಬಡಿಸಿ ಎಲೆಅಡಿಕೆಯ ತಟ್ಟೆ ಮುಂದಿಟ್ಟ. ಸಾವಕಾರರು ಎಲೆ ಹಾಕಿಕೊಂಡರು, ಎರಡು ಸಲ ಉಗುಳಿದರು, ಎದ್ದು ಹೋದರು. ಗಾದಿಯನ್ನು ಮರೆಯದೆ ಸುತ್ತಿಸಿಕೊಂಡು ಹೋದರು.

ಎರಡನೆಯವರು ಒಬ್ಬ ಇನಾಮದಾರರು. ಕೃಷ್ಣೆಯ ಆಚೆ ಅವರದು ಕೋಟೆಯಂಥ ವಾಡೆ, ನೂರಾರು ಎಕರೆ ಇನಾಮು. ಅವರು ಬರಲಿಲ್ಲ. ದೊಡ್ಡವರು ಮನೆಮನೆಗೆ ಬರುವುದಿಲ್ಲವಂತೆ. ಅವರ ಬದಲು ಅವರ ವ್ಯವಹಾರ ನೋಡುವ ಕಾರಭಾರಿ ಬಂದ. ಒಣಗಿದ ಮೈಯ, ಉದ್ದ ಕೋಟಿನ ಮನುಷ್ಯ. ಅವನ ಹಿಂದೆ ಇಬ್ಬರು ಆಳುಗಳು ಒಂದು ಚೌಕಟ್ಟು ಹಾಕಿದ ಪಟ ಹೊತ್ತು ತಂದಿದ್ದರು. ಪಟದಲ್ಲಿ ಇನಾಮದಾರರು ರುಮಾಲು ಸುತ್ತಿ, ಖಡ್ಗ ಹಿಡಿದು, ಸತ್ತ ಹುಲಿಯೊಂದರ ಮೇಲೆ ಕಾಲಿಟ್ಟು ನಿಂತಿದ್ದರು. ಹುಲಿಯ ಹೊಟ್ಟೆಯ ಹೊಲಿಗೆ ಕಾಣುತ್ತಿತ್ತು. ಒಳಗೆ ಹುಲ್ಲು ತುಂಬಿದ ಹುಲಿ. ಇನಾಮದಾರರಿಗೆ ಬರಲು ಆಗದ್ದಕ್ಕೆ ಈ ಪಟವನ್ನು ನಮ್ಮ ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಇಟ್ಟರು. ಓಣಿಯ ಹೆಂಗಸರು ಬಂದು ನೋಡಿದರು. ಒಬ್ಬಿಬ್ಬರು ಕೈಮುಗಿದರು, ಯಾವ ದೇವರೆಂದು ಕೇಳಿದರು.

ಆಮೇಲೆ ಕಾರಭಾರಿ ನನಗೊಂದು ತಾಟು ಕಳಿಸಿದ. ತಾಟಿನಲ್ಲಿ ಕುಬಸದ ಕಣ, ತೆಂಗಿನಕಾಯಿ, ಬಳೆ, ಒಂದು ಬಟ್ಟಲು ತುಂಬ ಕುಂಕುಮ.

ಹಣೆಗೆ ವಿಭೂತಿ ಮಾತ್ರ ಹಚ್ಚಿಕೊಂಡ ನಾನು ಆ ತಾಟನ್ನು ನೋಡಿದೆ. ತಾಟು ತಂದ ಆಳು ನನ್ನ ಹಣೆಯನ್ನು ನೋಡಿದ. ತಾಟನ್ನು ತನ್ನತ್ತ ಹಿಂದಕ್ಕೆ ಎಳೆದುಕೊಂಡ. ಪಾಪ, ಅವನದೇನು ತಪ್ಪು? ಹೆಂಗಸರು ವೋಟು ಹಾಕುವವರಿದ್ದಾರೆ ಎಂದು ತಿಳಿದ ಕೂಡಲೇ ವಾಡೆಯಲ್ಲಿ ಕುಳಿತ ಜಾಣರು ಕುಂಕುಮದ ಚೀಲ ಬಿಚ್ಚಿದ್ದರು. ನಮ್ಮ ಕಡೆ ಹೆಂಗಸಿನ ಹೆಸರಿಗೆ ಹೊಲ ಬರಬೇಕಾದರೆ ಮೊದಲು ಗಂಡ ಸಾಯಬೇಕು ಎಂಬ ಸಣ್ಣ ಸಂಗತಿ ಅವರಿಗೆ ಹೊಳೆದಿರಲಿಲ್ಲ. ಹುನಗುಂದ ತಾಲೂಕಿನ ವಿಧವೆಯರಿಗೆಲ್ಲ ಕುಂಕುಮ ಹಂಚುತ್ತ ಅವರು ಇಳಕಲ್ಲಿನವರೆಗೂ ಬಂದಿದ್ದರು, ಹಿಂದಿನ ಊರುಗಳಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ನನಗೆ ಸಿಟ್ಟು ಬಂತೋ ನಗು ಬಂತೋ ಹೇಳಲಾರೆ. ತಾಟನ್ನು ಹಾಗೆಯೇ ಕಾರಭಾರಿಯ ಮುಂದೆ ಇಡಿಸಿ, ಬಾಗಿಲಲ್ಲಿ ನಿಂತು ಹೇಳಿದೆ.

"ಇದನ್ನ ನಿಮ್ಮ ವಾಡೇದ ಬಾಯಿಸಾಹೇಬರಿಗೆ ಕೊಡ್ರಿ. ದೇವರು ಅವರಿಗೆ ವೋಟು ಬರದಂಗ ಇಡ್ಲಿ."

ಕಾರಭಾರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖದ ನೆತ್ತರು ಇಳಿಯಿತು. ಅಷ್ಟರಲ್ಲಿ ಅಜ್ಜ ಪಟದ ಮುಂದೆ ಕುಳಿತು ಇನಾಮದಾರರಿಗೇ ನೇರವಾಗಿ ಗುಡ್ಡದ ಸಂಗತಿ ಹೇಳಲು ಶುರು ಮಾಡಿದ್ದ. "ನಮ್ಮ ಧಣ್ಯಾರು ಆರಿಸಿ ಬಂದ ಮ್ಯಾಲೆ ನೋಡೂಣು," ಎಂದು ಕಾರಭಾರಿ ಪಟ ಎತ್ತಿಸಿದ.

"ಬರ್ತಾರೇನ್ರಿ ಅವರು?"

"ದಿಲ್ಲಿಗೆ ಹೋಗ್ತಾರ," ಎಂದ ಕಾರಭಾರಿ.

ಮೂರನೆಯವರು ಬೆಳಗಾವಿ ಕಡೆಯ ವಕೀಲರು. ಮೊದಲು ಕೌನ್ಸಿಲ್ಲನ್ನು ಮುಟ್ಟಬಾರದು ಎಂದು ಭಾಷಣ ಮಾಡಿಕೊಂಡಿದ್ದವರು, ಈಗ ಒಳಗೆ ಹೊಕ್ಕು ಅದನ್ನು ಮುರಿಯುತ್ತೇವೆ ಎಂದು ನಿಂತಿದ್ದರು. ಮುರಿಯಲು ಹೋಗುವವರಿಗೆ ಅಲ್ಲಿ ಕುರ್ಚಿ ಯಾಕೆ ಎಂದು ಮೈದುನ ಅಂಗಡಿಯಲ್ಲಿ ಕೇಳುತ್ತಿದ್ದ. ಅವನ ಬಾಯಿಂದ ಆ ತಿಂಗಳು ಬಂದ ಒಳ್ಳೆಯ ಮಾತು ಅದೊಂದು.

ವಕೀಲರು ಬಾಡಿಗೆಯ ಮೋಟಾರಿನಲ್ಲಿ ಬಂದರು. ಹಿಂದಿನ ದಿನ ಮಳೆ ಬಂದಿತ್ತು. ಊರ ಹೊರಗಿನ ಹಳ್ಳದಲ್ಲಿ ಮೋಟಾರು ಎರೆಮಣ್ಣಿಗೆ ಸಿಕ್ಕು ಗಾಲಿ ಅರ್ಧ ಮುಳುಗಿತು. ಹಳ್ಳದ ದಂಡೆಯಲ್ಲೇ ನಮ್ಮ ಓಣಿಯ ಬಣ್ಣಗಾರ ಚಾಚಾ ನೂಲು ತೊಳೆಯುತ್ತಿದ್ದ. ಅವರದು ತಲೆತಲಾಂತರದಿಂದ ನೂಲಿಗೆ ಬಣ್ಣ ಹಾಕುವ ಮುಸಲ್ಮಾನ ಮನೆತನ. ಚಾಚಾ ಕೈ ತೊಳೆದುಕೊಳ್ಳುವಷ್ಟು ಹೊತ್ತೂ ಕಾಯದೆ ನೀರಿಗೆ ಇಳಿದು, ವಕೀಲರನ್ನು ಹೆಗಲ ಮೇಲೆ ಎತ್ತಿ, ಬೀಳಬಾರದೆಂದು ಬೆನ್ನಿಗೆ ಕೈ ಆನಿಸಿ ಈಚೆಗೆ ತಂದು ನಿಲ್ಲಿಸಿದ. ವಕೀಲರು ಧನ್ಯವಾದ ಹೇಳಿ, ಬಿಳಿಯ ಹೊಸ ಖಾದಿ ಅಂಗಿಯನ್ನು ಮುಂದಿನಿಂದ ಸರಿಮಾಡಿಕೊಂಡು ಬಜಾರಕ್ಕೆ ನಡೆದರು. ಬೆನ್ನ ಮೇಲೆ ಐದು ಬೆರಳೂ ಮೂಡಿದ ದೊಡ್ಡದೊಂದು ನೀಲಿ ಕೈ ಇತ್ತು.

ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಹೆಂಗಸರ ಗುಂಪಿನಲ್ಲಿ ನಿಂತಿದ್ದೆ. ವಕೀಲರು ಮಾತಾಡಿದ್ದು ಮೊದಲರ್ಧ ಮರಾಠಿಯಲ್ಲಿ, ಇನ್ನರ್ಧ ಇಂಗ್ಲಿಷು ಬೆರೆಸಿದ ಕನ್ನಡದಲ್ಲಿ. ರೇಷ್ಮೆ ಬಿಡಿರಿ, ಗಿರಣಿಯ ನೂಲು ಬಿಡಿರಿ, ಖಾದಿ ಉಡಿರಿ ಎಂದರು. ಎದುರಿಗೆ ಕುಳಿತವರಲ್ಲಿ ಮುಕ್ಕಾಲು ಮಂದಿ ರೇಷ್ಮೆಯ ಸೆರಗು ನೇಯ್ದು ಹೊಟ್ಟೆ ಹೊರೆಯುವ ನೇಕಾರರು. ಅವರು ಗಂಭೀರವಾಗಿ ತಲೆಯಾಡಿಸಿದರು. ವಕೀಲರು ಹುರುಪಿನಿಂದ ಹಿಂದಿದ್ದವರ ಕಡೆ ತಿರುಗಿದಾಗಲೆಲ್ಲ ಆ ನೀಲಿ ಕೈ ಸಭೆಗೆ ಆಶೀರ್ವಾದ ಮಾಡುತ್ತಿತ್ತು. ಜನ ನಕ್ಕಷ್ಟೂ ಅವರು ಮೆಚ್ಚಿದರೆಂದು ತಿಳಿದು ವಕೀಲರು ಭಾಷಣ ಉದ್ದ ಮಾಡಿದರು.

ನಾನು ಚಾಚಾನನ್ನು, "ನಿನ್ನ ವೋಟು ಆಗಲೇ ಹಾಕಿಬಿಟ್ಟಿ ಅಲ್ಲೇನು?" ಎಂದು ಕೇಳಿದೆ.

"ನಮ್ಮ ಜನದ್ದು ಬ್ಯಾರೆ ಪೆಟ್ಟಿಗೀನ ಐತಂತ ತಂಗಿ," ಎಂದ ಚಾಚಾ. "ನನಗಂತೂ ಯಾವ ಪೆಟ್ಟಿಗ್ಯಾಗೂ ಇಲ್ಲ. ಅದಕ್ಕ ಕೈ ಮುಟ್ಟಿಸಿ ಬಿಟ್ಟೆ."

ಮೋಟಾರು ಮೇಲೆತ್ತಲು ಸಂಜೆಯಾಗುವುದಿತ್ತು. ವೋಟಿದ್ದ ಮನೆ ಎಂದು ವಕೀಲರು ನಮ್ಮಲ್ಲಿಗೆ ಬಂದರು. ಬಂದವರು ಹಸಿದಿದ್ದರು. ರೊಟ್ಟಿ, ಕಡಲೆಹಿಟ್ಟಿನ ಜುಣಕ, ಮೊಸರು ಬಡಿಸಿದೆ. ಉಣ್ಣುವಾಗ ಅವರ ಮರಾಠಿ, ಇಂಗ್ಲಿಷು ಎರಡೂ ಉದುರಿ ಹೋಗಿ ನಮ್ಮಂತೆಯೇ ಮಾತಾಡತೊಡಗಿದರು. ನನ್ನ ಮುಖ ನೋಡಿ ಮಾತಾಡಿದವರು ಮೂವರಲ್ಲಿ ಅವರೊಬ್ಬರೇ. ಅಜ್ಜ ತನ್ನ ಗುಡ್ಡವನ್ನು ಮತ್ತೆ ಮುಂದಿಟ್ಟ.

ವಕೀಲರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಅಜ್ಜಾ, ಖರೆ ಹೇಳಬೇಕಂದ್ರ ನನಗ ಗೊತ್ತಿಲ್ಲ. ಆ ಮಾತು ದಿಲ್ಲಿಯೊಳಗ ಬರ್ತದೋ ಇಲ್ಲೋ, ಅದೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಮಾಡ್ತೇನಿ ಅಂತ ಹೆಂಗ ಹೇಳಲಿ?" ಎಂದರು.

ನನಗೆ ಆ ಮಾತು ಎದೆಗೆ ತಾಕಿತು. ಗೊತ್ತಿಲ್ಲ ಎಂದು ಹೇಳುವ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಇನ್ನೊಂದು ರೊಟ್ಟಿ ಹಾಕಿದೆ. ಅಂಗಿಯ ವಿಚಾರವನ್ನೂ ಹೇಳಿಬಿಟ್ಟೆ. ಅವರು ಬೆನ್ನು ನೋಡಿಕೊಳ್ಳಲು ಸುತ್ತುಸುತ್ತು ತಿರುಗಿದರು. ನನ್ನ ವೋಟು ಯಾರಿಗೆಂದು ಅಂದೇ ನಿಶ್ಚಯವಾಯಿತು.

ಮತದ ದಿನ ಹುನಗುಂದಕ್ಕೆ ಹೋಗಬೇಕಿತ್ತು. ಮುಂಜಾನೆ ಮೈದುನ ಬಂದು, ಗಾಡಿಯ ಅಚ್ಚು ಸಡಿಲಾಗಿದೆ, ಹಾದಿ ಕೆಟ್ಟಿದೆ, ಕಚೇರಿ ಎಂದರೆ ಗಂಡಸರ ಸಂತೆ, ಮನೆತನದ ಮರ್ಯಾದೆ ಏನಾದೀತು ಎಂದ. ಸಾವಕಾರರಿಗೆ ಹಾಕುವುದಾದರೆ ಅಚ್ಚು ಸರಿಹೋಗಬಹುದು ಎಂದೂ ಸೂಚಿಸಿದ. ನಾನು ಯೋಚಿಸಿ ಹೇಳುತ್ತೇನೆ ಎಂದೆ. ಅವನು ಹೋದ ಮೇಲೆ ಬುತ್ತಿ ಕಟ್ಟಿಕೊಂಡು ಅಜ್ಜನ ಗಾಡಿ ಹತ್ತಿದೆ. ಅಜ್ಜ ಗಾಡಿಗೆ ಕಂಬಳಿ ಹಾಸಿದ್ದ; ಜೊತೆಗೆ ಕಾಲಿಗೆ ಜಡ್ಡಾದ ಒಂದು ಮರಿಯನ್ನೂ ಹಾಕಿದ್ದ. ಹುನಗುಂದದಲ್ಲಿ ದನದ ದವಾಖಾನೆ ಇದೆಯಂತೆ, ಒಂದೇ ಹಾದಿಯಲ್ಲಿ ಎರಡು ಕೆಲಸ ಎಂದ.

ಹುನಗುಂದದ ಸಾಲೆಯಲ್ಲಿ ಮೇಜು ಹಾಕಿ ಸಾಹೇಬರೊಬ್ಬರು ಕುಳಿತಿದ್ದರು, ಹೊರ ಊರಿನ ಅಧಿಕಾರಿ, ವಯಸ್ಸಾದವರು. ಬಲಕ್ಕೆ ಬೆಂಚಿನ ಮೇಲೆ ಮೂವರು ಅಭ್ಯರ್ಥಿಗಳ ಕಡೆಯ ಮೂವರು. ಸಾವಕಾರರ ಕಡೆಯವನಾಗಿ ಕುಳಿತಿದ್ದವನು ನನ್ನ ಮೈದುನ. ಗಾಡಿಯ ಅಚ್ಚು ಸಡಿಲಾದವನು ನನಗಿಂತ ಮೊದಲೇ ಬಂದು ಮುಟ್ಟಿದ್ದ.

ನಾನು ಒಳಗೆ ಹೋಗಿ ಮೇಜಿನ ಮುಂದೆ ನಿಂತೆ. ಸಾಹೇಬರು ಪಟ್ಟಿ ತಿರುವಿ ಹಾಕಿದರು.

"ಇಲ್ಲಿ ಹೆಸರೇ ಇಲ್ಲಲ್ರಿ ತಾಯಿ. ಇಂಥವರ ವಿಧವೆ ಅಂತ ಐತಿ. ಅದು ನೀವ ಅಂತ ಹೇಳವ್ರು ಯಾರು?"

ಇನಾಮದಾರರ ಕಡೆಯ ಕಾರಭಾರಿ ನನ್ನನ್ನು ನೋಡಿ ಗುರುತು ಹಿಡಿದು, ತಕ್ಷಣ ಗುರುತೇ ಇಲ್ಲದವನಾಗಿ ಕಿಟಕಿಯ ಕಡೆ ನೋಡಿದ. ಸಾಹೇಬರು ಮೈದುನನನ್ನು ಕೇಳಿದರು. "ನೀವು ಇಳಕಲ್ಲವ್ರಲ್ಲ? ಇವರು ಗೊತ್ತೇನು?"

ಮೈದುನ ಕೆಮ್ಮಿದ. ಅವನ ಮನಸ್ಸಿನಲ್ಲಿ ಲೆಕ್ಕ ನಡೆದದ್ದು ನನಗೆ ಕಾಣುತ್ತಿತ್ತು. ನನ್ನ ವೋಟು ಸಾವಕಾರರಿಗೆ ಬೀಳುವುದಿಲ್ಲ. ಬೀಳದ ವೋಟು ಇಲ್ಲದಿದ್ದರೇ ಒಳ್ಳೆಯದು.

"ನಮ್ಮ ಮನೆತನದ ಹೆಣ್ಣುಮಕ್ಕಳು ಸೆರಗಿನ್ಯಾಗ ಇರ್ತಾರ್ರಿ ಸಾಹೇಬ್ರ," ಎಂದ. "ಮುಖಾ ನೋಡಿ ಹೇಳೂದು ಕಷ್ಟ."

ಹನ್ನೆರಡು ವರ್ಷ ನನ್ನ ಕೈಯಡುಗೆ ಉಂಡವನು. ನನಗೆ ಕಾಲ ಕೆಳಗಿನಿಂದ ಕಾವು ಏರಿತು. ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ ಅವನ ಎದುರಿಗೇ ಹೋಗಿ ನಿಂತೆ.

"ನಿನ್ನೆ ಸಂಜಿಮುಂದ ಎರಡು ಸಲ ಜುಣಕ ಹಾಕಿಸಿಕೊಂಡಿ. ಆವಾಗ ಯಾರ ಮುಖಾ ಕಂಡಿದ್ದಿ?"

ಸಾಲೆಯ ಕಿಟಕಿಗಳಲ್ಲಿ ನಿಂತವರು ನಕ್ಕರು. ಮೈದುನ ರುಮಾಲನ್ನು ಸರಿಮಾಡಿಕೊಂಡು, "ದನೀಮ್ಯಾಲೆ ನೋಡಿದ್ರ ಅವರ ಇರಬೇಕ್ರಿ," ಎಂದ.

ಸಾಹೇಬರು ತಪ್ಪು ಮಾಡದ ಜಾತಿಯ ಮನುಷ್ಯ. ಗಂಡನ ಹೆಸರನ್ನು ನೀವೇ ಒಂದು ಸಲ ಹೇಳಿಬಿಡಿ, ಪಟ್ಟಿಗೆ ತಾಳೆಯಾದರೆ ಸಾಕು ಎಂದರು. ಅದು ಅವರಿಗೆ ಸಣ್ಣ ಮಾತು. ಮದುವೆಯಾದಂದಿನಿಂದ ಆ ಹೆಸರನ್ನು ನಾನು ಬರೀ ಬಾಯಿಂದ ಹೇಳಿರಲಿಲ್ಲ. ಯಾವ ಹೆಂಗಸೂ ಹೇಳುತ್ತಿರಲಿಲ್ಲ. ಹೇಳಲೇಬೇಕಾದರೆ ಮದುವೆಮುಂಜಿಗಳಲ್ಲಿ ಒಡಪು ಕಟ್ಟಿ ಅದರ ಕೊನೆಗೆ ಹೆಸರು ಸೇರಿಸಿ ಹೇಳುವುದು. ಮುತ್ತೈದೆಯರ ಆಟ ಅದು. ನನ್ನಂಥವಳು ಒಡಪು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಹಿಂದೆ ನಿಂತ ಒಬ್ಬ ಮುದುಕ, "ಇದೆಲ್ಲಾ ಯಾಕ, ಮನಿಗಿ ಹೋಗವ್ವ," ಎಂದ. ಬಹುಶಃ ಅವನು ಹಾಗೆನ್ನದಿದ್ದರೆ ನಾನು ಹೋಗಿಬಿಡುತ್ತಿದ್ದೆನೇನೋ.

ಮೇಜಿನ ಅಂಚು ಹಿಡಿದು ನಿಂತೆ. ದನಿ ಗಟ್ಟಿಯಾಗಿಯೇ ಬಂತು.

"ಅರಳಿ ಸಾವಕಾರರು ಗಾದಿ ತಗೊಂಡು ಬಂದ್ರು,
ಹುಲಿ ಹೊಡದವರು ಪಟದಾಗ ಬಂದ್ರು,
ಮೋಟಾರದವರು ಹೆಗಲ ಮ್ಯಾಲೆ ಬಂದ್ರು,
ಹೊಲಾ ಇಟ್ಟು, ವೋಟು ಕೊಟ್ಟು ಹೋದವರ ಹೆಸರು..."

ಆಮೇಲೆ ಹೆಸರು ಹೇಳಿದೆ. ಐದು ವರ್ಷದ ನಂತರ ನನ್ನ ಬಾಯಲ್ಲಿ ಆ ಹೆಸರು ಕೇಳಿ ನನಗೇ ಕಣ್ಣು ತುಂಬಿ ಬಂತು. ಸುತ್ತಲಿನವರು ನಗುತ್ತಿದ್ದುದರಿಂದ ಯಾರಿಗೂ ಅದು ಕಾಣಲಿಲ್ಲ. ವಕೀಲರ ಕಡೆಯವನು ಕೂಡ ನಕ್ಕ. ಸಾಹೇಬರು ಹೆಸರಿನ ಮುಂದೆ ಗೀಟು ಹಾಕಿ, ನಗು ತಡೆದುಕೊಂಡು, "ಓದ್ಲಿಕ್ಕೆ ಬರೀಲಿಕ್ಕೆ ಬರ್ತದೇನ್ರಿ?" ಎಂದರು. ಬರುತ್ತದೆ ಎಂದೆ. ಚೀಟಿ ತೆಗೆದುಕೊಂಡು ಮೂಲೆಗೆ ಹೋಗಿ ವಕೀಲರ ಹೆಸರಿನ ಮುಂದೆ ಗುರುತು ಹಾಕಿ, ಮಡಿಚಿ, ಪೆಟ್ಟಿಗೆಯಲ್ಲಿ ಬಿಟ್ಟೆ.

ನನ್ನ ಹಿಂದೆ ಅಜ್ಜ. ಓದು ಬಾರದವರು ಸಾಹೇಬರ ಕಿವಿಯಲ್ಲಿ ಹೆಸರು ಹೇಳಬೇಕು, ಅವರು ಗುರುತು ಹಾಕುತ್ತಾರೆ. ಅಜ್ಜನಿಗೆ ಕಿವಿ ಮಂದ. ತನ್ನಂತೆಯೇ ಎಲ್ಲರಿಗೂ ಎಂದು ತಿಳಿದವನು.

"ಇದರಾಗ ಗುಡ್ಡಾ ಬಿಡಿಸಿ ಕೊಡವ ಯಾರ್ರಿ?" ಎಂದು ಸಾಲೆಗೆಲ್ಲ ಕೇಳುವಂತೆ ಕೇಳಿದ.

"ಅದನ್ನ ನಾ ಹೇಳೂ ಹಂಗಿಲ್ಲ ಯಜ್ಜಾ. ನೀ ಹೇಳಬೇಕು."

"ನಿಮಗ ಗೊತ್ತಿಲ್ಲೇನು?"

"ಗೊತ್ತಿದ್ರೂ ಹೇಳೂ ಹಂಗಿಲ್ಲ."

"ಹಂಗಾದ್ರ ನಾನೂ ಹೇಳಂಗಿಲ್ಲ," ಎಂದು ಅಜ್ಜ ಹೊರಟುಬಿಟ್ಟ. ಬೆಂಚಿನ ಮೇಲಿನ ಮೂವರೂ ಒಮ್ಮೆಲೇ ಅವನನ್ನು ತಡೆದರು. ಅವನು ಮರಿ ಬಿಸಿಲಲ್ಲಿದೆ ಎಂದು ಹೊರಗೆ ಹೋದ. ದವಾಖಾನೆಯವನು ಮರಿಯ ಕಾಲಿಗೆ ಔಷಧ ಹಚ್ಚಿಕೊಟ್ಟ. ಅಂದು ಹುನಗುಂದಕ್ಕೆ ಹೋದದ್ದರಿಂದ ಲಾಭವಾದದ್ದು ಆ ಮರಿಯೊಂದಕ್ಕೇ.

ಗೆದ್ದವರು ಇನಾಮದಾರರು. ಸುದ್ದಿ ನಮಗೆ ಮುಟ್ಟಲು ಎರಡು ವಾರ ಹಿಡಿಯಿತು. ಒಂದು ಸಲವೂ ಮುಖ ತೋರಿಸದವರು ಗೆದ್ದರು ಎಂದಾಗ ಮೈದುನ ಅಂಗಡಿಯಲ್ಲಿ ಕುಳಿತು, ಮುಖ ತೋರಿಸಿದ್ದರೆ ಸೋಲುತ್ತಿದ್ದರು ಎಂದು ವಿವರಿಸಿದ. ನನ್ನ ಜೊತೆ ಅವನು ಒಂದು ತಿಂಗಳು ಮಾತಾಡಲಿಲ್ಲ. ಆಮೇಲೆ ಒಂದು ಸಂಜೆ ತಾನಾಗಿಯೇ ಬಂದು ಊಟಕ್ಕೆ ಕುಳಿತ. ನಾನು ರೊಟ್ಟಿ ಹಾಕುವ ಮೊದಲು, "ಮುಖಾ ಗುರತು ಹತ್ತಿತೇನು?" ಎಂದೆ. ತಲೆ ತಗ್ಗಿಸಿ ಉಂಡ.

ಮರು ಬೇಸಿಗೆ ಕಮತಗಿಗೆ ಹೋದಾಗ ತವರಲ್ಲಿ ಚುನಾವಣೆಯ ಮಾತು ಬಂತು. ನನ್ನ ಚಿಕ್ಕಪ್ಪನಿಗೆ ವೋಟಿತ್ತು. ವಕೀಲರು ಅವನ ಮನೆಯಲ್ಲೂ ಉಂಡಿದ್ದರು. ಚಿಕ್ಕಪ್ಪ ಕೆರೆಯ ಹೂಳಿನ ವಿಚಾರ ಕೇಳಿದನಂತೆ.

"ಏನ್ ಮನಷ್ಯಾ ಅಂತಿ," ಎಂದು ಚಿಕ್ಕಪ್ಪ ಈಗಲೂ ಮರುಗುತ್ತಿದ್ದ. "ರೊಟ್ಟಿ ಮುರಿಯೂದು ನಿಲ್ಲಿಸಿದಾ. ಖರೆ ಹೇಳಬೇಕಂದ್ರ ನನಗ ಗೊತ್ತಿಲ್ಲ ಅಂದಾ. ಗೊತ್ತಿಲ್ಲದ್ದನ್ನ ಮಾಡ್ತೇನಿ ಅಂತ ಹೆಂಗ ಹೇಳಲಿ ಅಂದಾ. ಅಂಥಾ ಖರೆ ಮನಷ್ಯಾ ಸೋತಾ ನೋಡು."

ನಾನು ತುತ್ತು ಕೈಯಲ್ಲಿ ಹಿಡಿದುಕೊಂಡೇ ಕುಳಿತೆ. ಅಮೀನಗಡದಿಂದ ಬಂದ ಸೋದರತ್ತೆಯೂ ಅಲ್ಲಿದ್ದಳು. ಅವಳ ಊರಿನ ಗೌಡರ ಮನೆಯಲ್ಲೂ ಅದೇ ಮಾತು, ಅದೇ ಮುರಿಯದ ರೊಟ್ಟಿ. ಸಾವಕಾರರ ಹೆಬ್ಬೆರಳನ್ನು ಹತ್ತು ಮಾರು ದೂರದಿಂದ ಗುರುತು ಹಿಡಿಯುವ ನಾನು, ವಕೀಲರ 'ಗೊತ್ತಿಲ್ಲ'ವನ್ನು ಎರಡು ರೊಟ್ಟಿ ಕೊಟ್ಟು ಕೊಂಡುಕೊಂಡಿದ್ದೆ. ಅವರು ನನ್ನ ಮುಖ ನೋಡಿ ಮಾತಾಡಿದರಲ್ಲ, ಅಷ್ಟಕ್ಕೇ ಕರಗಿದ್ದೆ.

ಗೆದ್ದ ಇನಾಮದಾರರನ್ನು ನಾನು ಕಂಡದ್ದು ಒಂದೇ ಸಲ. ಹರಕೆ ತೀರಿಸಲು ಬಾಗಲಕೋಟೆಯಿಂದ ರೈಲಿನಲ್ಲಿ ಬಾದಾಮಿಗೆ ಹೋಗಿ, ಅಲ್ಲಿಂದ ಬನಶಂಕರಿಗೆ ನಡೆದು ಹೋಗಿದ್ದೆ. ಜನವಿಲ್ಲದ ಬರಿಯ ಬುಧವಾರ. ಹೊಂಡದ ಕಲ್ಲುಮಂಟಪದ ನೆರಳಲ್ಲಿ ಇಬ್ಬರು ಬಿಳಿ ಸಾಹೇಬರು ಕುಳಿತಿದ್ದರು. ಬಾದಾಮಿಯ ಗುಹೆ ನೋಡಲು ಬಂದವರು. ಅವರ ಪಕ್ಕದಲ್ಲಿ ಕುಳ್ಳಗೆ, ಬೆವರುತ್ತ, ಸಾಹೇಬರು ನಕ್ಕಾಗ ನಗುತ್ತ ಕುಳಿತಿದ್ದವರ ಹಿಂದೆ ಕಾರಭಾರಿ ಕೊಡೆ ಹಿಡಿದು ನಿಂತಿರದಿದ್ದರೆ ಅವರೇ ಇನಾಮದಾರರೆಂದು ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಅಜ್ಜನ ನೆನಪಾಯಿತು. ಹತ್ತಿರ ಹೋಗಿ ನಮಸ್ಕಾರ ಮಾಡಿದೆ.

"ನಾ ಇಳಕಲ್ಲಾಕಿರಿ. ನಿಮಗ ಮತ ಕೊಟ್ಟಿಲ್ಲ. ಆದ್ರೂ ಒಂದು ಮಾತು ಕೇಳಬೇಕಾಗೇತಿ."

ಇನಾಮದಾರರು ಕೈಯೆತ್ತಿ ನನ್ನನ್ನು ಹರಸಿದರು. "ಮತ ಯಾವುದಾದ್ರೇನು ತಾಯಿ, ಎಲ್ಲಾರಿಗೂ ದೇವರು ಒಬ್ಬನ," ಎಂದರು.

ನಾನು ಗುಡ್ಡದ ಹುಲ್ಲು, ಬೇಲಿ, ಕುರಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಕೇಳಿದ್ದನ್ನು ಸಾಹೇಬರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಸಾಹೇಬರು ನನ್ನನ್ನೂ ನನ್ನ ಸೀರೆಯ ಸೆರಗನ್ನೂ ನೋಡಿ ತಲೆದೂಗಿದರು. ಆಮೇಲೆ ಇನಾಮದಾರರು ಕಾರಭಾರಿಯ ಕಡೆ ತಿರುಗಿದರು. "ಬರಕೊಂಡೇನ್ರಿ," ಎಂದ ಅವನು. ಅವನ ಒಂದು ಕೈಯಲ್ಲಿ ಕೊಡೆಯಿತ್ತು, ಇನ್ನೊಂದರಲ್ಲಿ ಸಾಹೇಬರ ದುರ್ಬೀನು.

ಹೊಂಡದ ಮೆಟ್ಟಿಲ ಹತ್ತಿರ ರೊಟ್ಟಿ ಮೊಸರು ಮಾರುವ ಹೆಂಗಸೊಬ್ಬಳು ಇದನ್ನೆಲ್ಲ ನೋಡುತ್ತಿದ್ದಳು. ನಾನು ಅವಳ ಬುಟ್ಟಿಯ ಮುಂದೆ ಕುಳಿತು ರೊಟ್ಟಿ ಕೇಳಿದೆ.

"ಅವರ್ಯಾರ್ರಿ, ಆ ಸಾಹೇಬ್ರ ಬಾಜೂಕ ಕುಂತವ್ರು?" ಎಂದಳು.

"ದಿಲ್ಲಿಯೊಳಗ ನಮ್ಮ ಪರವಾಗಿ ಮಾತಾಡವ್ರು."

ಅವಳು ರೊಟ್ಟಿಯ ಮೇಲೆ ಚಟ್ನಿ ಹಾಕಿ, ಗಡಿಗೆಯಿಂದ ಮೊಸರು ತೆಗೆದು ಸುರಿಯುತ್ತ ನನ್ನನ್ನು ನಿಟ್ಟಿಸಿ ನೋಡಿದಳು.

"ಯಾಕ್ರಿ," ಎಂದಳು, "ನಿಮಗ ಮಾತಾಡಾಕ ಬರೂದಿಲ್ಲೇನು?"